ಎಳೆ ಗೋಡಂಬಿಗೆ ಯಾವ ತಳಿ ಒಳ್ಳೆಯದು?

ಪ್ರಶ್ನೆ: ಹುಣಸೂರು ಹತ್ತಿರ ನಮ್ಮ ಖುಷ್ಕಿ ಜಮೀನಿನಲ್ಲಿ ಚಿಂತಾಮಣಿ-1, ಉಳ್ಳಾಲ-3, ವೆಂಗುರ್ಲ-7 ಗೋಡಂಬಿ ಮರಗಳಿವೆ. ಮಂಗಳೂರಿನ ನೆಂಟರು ಬಂದಾಗ ಹಸಿರು ಬೀಜ ಕಿತ್ತು ತೊಂಡೆಕಾಯಿ ಜೊತೆ ಪಲ್ಯ ಮಾಡಿದ್ದರು, ಬಹಳ ರುಚಿಯಾಗಿತ್ತು. ಆದರೆ ಒಂದು ಮರದ ತಿರುಳು ತುಂಬಿಕೊಂಡಿತ್ತು, ಇನ್ನೊಂದರದ್ದು ಬರೀ ನೀರು. ಎಳೆ ತಿರುಳಿಗೆ ಯಾವ ತಳಿ ಒಳ್ಳೆಯದು ಸರ್?
– ಓದುಗರು, ಹುಣಸೂರು

ಉತ್ತರ: ನೀರು ನೀರಾಗಿದ್ದಕ್ಕೆ ಸುಮ್ನೆ ತಳಿಯನ್ನು ದೂರಬೇಡಿ. ಆ ಬೀಜ ತೀರಾ ಎಳೆಯದಿರಬೇಕು. ಗೋಡಂಬಿಯಲ್ಲಿ ಮೊದಲು ಬೆಳೆಯುವುದು ಬೀಜ, ಹಣ್ಣು ಉಬ್ಬುವುದು ಆಮೇಲೆ. ಕಾಯಿ ಕಚ್ಚಿ ಒಂದು ತಿಂಗಳಾಗುವಷ್ಟರಲ್ಲಿ ಹಸಿರು ಬೀಜ ಪೂರ್ತಿ ದಪ್ಪವಾಗಿಬಿಡುತ್ತದೆ, ಬಲಿಯುತ್ತಾ ಹೋದಂತೆ ಸಿಪ್ಪೆ ಗಟ್ಟಿಯಾಗಿ ಗಾತ್ರ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಹೊರಗಿನ ದಪ್ಪ ನೋಡಿ ಒಳಗೂ ತುಂಬಿದೆ ಅಂದುಕೊಂಡರೆ ಮೋಸ ಹೋಗ್ತೀರಿ. ಪ್ರತಿ ಮರದಿಂದ ಒಂದೆರಡು ಬೀಜ ಸೀಳಿ ನೋಡಿ. ತಿರುಳಿನ ಎರಡೂ ಬೇಳೆ ಬೆಳ್ಳಗೆ ತುಂಬಿರಬೇಕು, ಸಿಪ್ಪೆ ಮಾತ್ರ ಇನ್ನೂ ಚಾಕುವಿಗೆ ಸುಲಭವಾಗಿ ಸಿಗಬೇಕು. ಹಣ್ಣು ಆಗ ಬೀಜಕ್ಕಿಂತ ಚಿಕ್ಕದಾಗಿಯೇ ಇರುತ್ತದೆ.

ಇನ್ನು ತಳಿಯ ವಿಷಯ. ಬಲಿತು ಒಣಗಿದಾಗ ಚಿಂತಾಮಣಿ-1, ಉಳ್ಳಾಲ-3 ಎರಡರ ಬೀಜವೂ ಸುಮಾರು 7 ಗ್ರಾಂ ತೂಗುತ್ತವೆ, ವೆಂಗುರ್ಲ-7 ಸುಮಾರು 10 ಗ್ರಾಂ. ತಿರುಳಿನ ಪಾಲು ಮೂರರಲ್ಲೂ ಹೆಚ್ಚುಕಡಿಮೆ ನೂರಕ್ಕೆ 30. ಅಂದರೆ ಒಂದು ಕಿಲೋ ಒಣ ತಿರುಳಿಗೆ ಮೊದಲ ಎರಡರಲ್ಲಿ 475ರಷ್ಟು ಬೀಜ ಬೇಕು, ವೆಂಗುರ್ಲದಲ್ಲಿ 335 ಸಾಕು. ಹಸಿ ತಿರುಳಿನ ಲೆಕ್ಕ ಬೇರೆ, ಅದರಲ್ಲಿ ನೀರಿನಂಶ ಜಾಸ್ತಿ. ಆದರೂ ಒಂದೊಂದನ್ನೇ ಸೀಳಿ ಬಿಡಿಸುವ ಕೆಲಸ ಅಲ್ವಾ, ದಪ್ಪ ಬೀಜದಲ್ಲಿ ಕೈಗೆ ಶ್ರಮ ಕಡಿಮೆ. ಅದಕ್ಕೇ ಪಲ್ಯಕ್ಕೆ ನನ್ನ ಓಟು ವೆಂಗುರ್ಲ-7ಕ್ಕೆ.

ರುಚಿ ಹೋಲಿಸಬೇಕಾದರೆ ವಯಸ್ಸು ಒಂದೇ ಇರಬೇಕು. ಕಾಯಿ ಕಚ್ಚಿದಾಗಲೇ ಮೂರೂ ತಳಿಯ ಗೊಂಚಲಿಗೆ ದಾರ ಕಟ್ಟಿ, ಒಂದೇ ದಿನ ಕಿತ್ತು, ತಿರುಳು ತೂಗಿ, ಬೇರೆ ಬೇರೆಯಾಗಿ ಬೇಯಿಸಿ. ಬಲಿತ ಒಣ ತಿರುಳಿನಲ್ಲಿ ನೂರಕ್ಕೆ ಸುಮಾರು 45 ಪಾಲು ಕೊಬ್ಬಿರುತ್ತದೆ. ಎಳೆಯದರಲ್ಲಿ ಅಷ್ಟು ಇನ್ನೂ ಕೂಡಿರುವುದಿಲ್ಲ, ಆದ್ದರಿಂದ ಒಣ ಗೋಡಂಬಿಯ ಆ ಜಿಡ್ಡಿನ ರುಚಿಯನ್ನು ಇದರಲ್ಲಿ ಹುಡುಕಬೇಡಿ.

ಒಂದು ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಹಸಿ ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ, ಬೊಬ್ಬೆ ಏಳುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಇಲ್ಲವೇ ಕೈಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಆ ಕೈ ಕಣ್ಣಿಗೆ ಹೋಗಬಾರದು. ಮಕ್ಕಳಿಗೆ ಈ ಕೆಲಸ ಬೇಡವೇ ಬೇಡ. ಬಿಡಿಸಿದ ತಿರುಳನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೇಲಿನ ಪೊರೆ ಸುಲಭವಾಗಿ ಬರುತ್ತದೆ.

ಕಿತ್ತು ಉಳಿದ ಎಳೆ ಬೀಜವನ್ನು ಒಣಗಿಸಿ ಮಾರುವ ಬೀಜದ ಜೊತೆ ಸೇರಿಸಬೇಡಿ. ಒಳಗೆ ತಿರುಳು ಮುರುಟಿಕೊಳ್ಳುತ್ತದೆ, ವ್ಯಾಪಾರಿ ನಾಲ್ಕು ಬೀಜ ಸೀಳಿ ನೋಡಿದರೂ ಇಡೀ ಚೀಲದ ರೇಟು ಇಳಿಸುತ್ತಾನೆ.