ಪ್ರತಿಕ್ರಿಯೆ: ವೆಬ್ ಸ್ಟ್ಯಾಂಡರ್ಡ್ ಬಳಸಲು ದುಡ್ಡು ಕಟ್ಟಬೇಕಾ?
ಸಕಲೇಶಪುರದ ನಿಮ್ಮ ಹೋಂಸ್ಟೇ ವೆಬ್‌ಸೈಟ್‌ಗೆ ಡಬ್ಲ್ಯೂ3ಸಿ (ವೆಬ್ ಪುಟಗಳು ಹೇಗಿರಬೇಕೆಂಬ ನಿಯಮ ರೂಪಿಸುವ ಕೂಟ) ಸ್ಟ್ಯಾಂಡರ್ಡ್ ಬಳಸಿದರೆ ದುಡ್ಡು ಕಟ್ಟಬೇಕಾ, ನಮ್ಮಂಥವರ ಮಾತು ಅಲ್ಲಿ ನಡೆಯುತ್ತದಾ ಎಂದು ಕೇಳಿದ್ದೀರಿ. ಒಂದು ಪೈಸೆಯೂ ಬೇಡ. 1994ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಶುರು ಮಾಡಿದ ಈ ಕೂಟ 2023ರಿಂದ ಲಾಭರಹಿತ ಸಂಸ್ಥೆ. ಸದಸ್ಯತ್ವದ ಶುಲ್ಕ ಸದಸ್ಯರಾಗುವವರಿಗೆ ಮಾತ್ರ, ಅವರು ಹೆಚ್ಚಾಗಿ ಸಂಸ್ಥೆ, ಕಂಪನಿಗಳೇ. ಸ್ಟ್ಯಾಂಡರ್ಡ್‌ಗಳ ಕರಡು ಓದಿ ತಪ್ಪು ತೋರಿಸಲು ಗಿಟ್‌ಹಬ್ ಎಂಬ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು.

ದಯವಿಟ್ಟು ಬರೆಯಿರಿ. ಕನ್ನಡದ ತೊಡಕುಗಳನ್ನು ನಾವು ಹೇಳದೆ ಇನ್ಯಾರು ಹೇಳುತ್ತಾರೆ? ನಿಮ್ಮ ಪುಟದ ‘ಸ್ವಾಗತ’ದ ಮೊದಲ ಅಕ್ಷರವನ್ನು ಸಿಎಸ್ಎಸ್‌ನಲ್ಲಿ (ಪುಟದ ಅಂದಚೆಂದ ಹೇಳುವ ಕೋಡ್) ದೊಡ್ಡದು ಮಾಡಿ ನೋಡಿ. ‘ಸ್ವಾ’ ಇಡಿಯಾಗಿ ದೊಡ್ಡದಾಗಬೇಕು, ಅಲ್ವಾ? ಒತ್ತಕ್ಷರ ಒಡೆದು ಬೇರೆಯಾದರೆ ಬ್ರೌಸರ್ ಹೆಸರು, ಸ್ಕ್ರೀನ್‌ಶಾಟ್ ಸಮೇತ ತಿಳಿಸಿ. ಇಂಗ್ಲಿಷ್ ಜಾಸ್ತಿ ಬೇಕಿಲ್ಲ, ಚಿತ್ರವೇ ಹೇಳುತ್ತದೆ. ಹಾಂ, ಪುಟದ ಕೋಡ್‌ನ ಶುರುವಿನ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಇಂಗ್ಲಿಷ್ ಅಕ್ಷರಗಳಲ್ಲಿ ‘kn’ ಎಂದು ಹಾಕಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಇದು ಕನ್ನಡ ಎಂದು ತಿಳಿಯುತ್ತದೆ.