ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸಲು ಎಷ್ಟು ದುಡ್ಡು ಕೇಳಬೇಕು? ಕೇಳಿದರೆ ಮುಂದೆ ಕರೆಯದೇ ಹೋದರೆ?

ಕಾಲೇಜು ಓದುತ್ತಲೇ ಪ್ಯಾಡ್ (ಡ್ರಮ್, ತಬಲಾದಂಥ ಸದ್ದು ಕೊಡುವ ಎಲೆಕ್ಟ್ರಾನಿಕ್ ವಾದ್ಯ) ನುಡಿಸುತ್ತೀರಿ, ಈ ಸಲದ ಗಣೇಶನ ಹಬ್ಬಕ್ಕೆ ಮೂರು ಪ್ರೋಗ್ರಾಂ ಬಂದಿವೆ, ದುಡ್ಡಿನ ಮಾತೆತ್ತಿದರೆ "ಸ್ಟೇಜ್ ಸಿಕ್ಕಿದೆಯಲ್ಲ, ಹೆಸರು ಬರುತ್ತೆ" ಅನ್ನುತ್ತಾರೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ನಾನು ಮೈಸೂರು, ಮಂಡ್ಯ, ಹಾಸನದ ಕಡೆ ಕೀಬೋರ್ಡ್ ನುಡಿಸುವವನು. 2007ರಲ್ಲಿ ನನಗೂ ಇದೇ ಮಾತು ಹೇಳಿದ್ದರು.

ಖಂಡಿತ ಕೇಳಿ. ಆದರೆ ಎಷ್ಟು ಅನ್ನುವ ಮೊದಲು, ಯಾವುದಕ್ಕೆ ಕೇಳುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು.

ಆ ವರ್ಷದ ಒಂದು ರಾತ್ರಿ ಹೇಳುತ್ತೇನೆ. ಮಂಡ್ಯದ ಹತ್ತಿರದ ಹಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ಮನೆ ಬಿಟ್ಟಿದ್ದೆ. ನಾಲ್ಕಕ್ಕೆಲ್ಲ ಸ್ಟ್ಯಾಂಡ್ ಹಾಕಿ, ವೈರ್ ಎಳೆದು ಕೂತೆವು. ಏಳಕ್ಕೆ ಪ್ರೋಗ್ರಾಂ ಅಂತ ಮಾತು. ಏಳಕ್ಕೆ ಶುರುವಾಗಿದ್ದು ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಭಾಷಣ. ಮೈಕು ನಮ್ಮ ಕೈಗೆ ಬಂದಾಗ ಒಂಬತ್ತು ಗಂಟೆ ಹತ್ತು ನಿಮಿಷ. ಮೂರನೇ ಹಾಡಿಗೆ ಹನಿ ಶುರುವಾಯಿತು. ಎಡಗೈಯಲ್ಲಿ ಕೀಬೋರ್ಡ್ ಮೇಲೆ ಪ್ಲಾಸ್ಟಿಕ್ ಹಾಳೆ ಎತ್ತಿ ಹಿಡಿದು, ಬಲಗೈ ಒಂದರಲ್ಲೇ ನುಡಿಸಿದೆ. ಸರಿಯಾಗಿ ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿದರು. ಅವರದ್ದು ತಪ್ಪಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಇವೆ. ಆಮೇಲೆ ಕಮಿಟಿಯವರು ಹೇಳಿದರು: "ಮೂರು ಗಂಟೆ ಅಂತ ಮಾತಾಗಿತ್ತು. ನೀವು ನುಡಿಸಿದ್ದು ಐವತ್ತು ನಿಮಿಷ. ಅರ್ಧ ತಗೊಳ್ಳಿ."

ನನ್ನ 300 ರೂಪಾಯಿ 150 ಆಯಿತು. ಮನೆ ಸೇರಿದಾಗ ರಾತ್ರಿ ಎರಡೂವರೆ. ವಾದ ಮಾಡೋಣ ಅಂದರೆ ಮೊದಲೇ ಏನೂ ಮಾತಾಡಿಕೊಂಡಿರಲಿಲ್ಲ.

ಹಾಗಾಗಿ ನೀವು ಕೇಳುವುದು ಸ್ಟೇಜ್ ಮೇಲಿನ ಹೊತ್ತಿಗಲ್ಲ, ಇಡೀ ದಿನಕ್ಕೆ. ಈಗ 2,000 ಕೊಡುತ್ತಾರೆ ಅಂತಿಟ್ಟುಕೊಳ್ಳಿ. ಪೆಟ್ರೋಲು, ಕೇಬಲ್ಲು ಅಂತ 300 ಹೋದರೆ ಉಳಿಯೋದು 1,700. ನನ್ನ ಆ ದಿನದ ಹಾಗೆ ಹದಿಮೂರೂವರೆ ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 126 ರೂಪಾಯಿ. ಇದರಲ್ಲಿ ಹೊಸ ಹಾಡು ಕೂತು ಕಲಿತ ಹೊತ್ತು ಇಲ್ಲ, ಪ್ಯಾಡ್ ಕೊಂಡ ಸಾಲದ ಕಂತು ಇಲ್ಲ. ಗಣೇಶನಿಂದ ರಾಜ್ಯೋತ್ಸವದವರೆಗೆ ಡೇಟ್ ಸಿಗುತ್ತದೆ, ಆಮೇಲೆ ಜಾತ್ರೆಗಳು. ಆಷಾಢದಲ್ಲಿ ಫೋನೇ ಬರಲ್ಲ. ಆ ಖಾಲಿ ತಿಂಗಳ ಅನ್ನವೂ ಇದರಲ್ಲೇ ಬರಬೇಕು, ಅಲ್ವಾ?

ಇಷ್ಟೇ ಅಂತ ಒಂದು ರೇಟು ನಾನು ಹೇಳುವುದಿಲ್ಲ. ಊರಿಂದ ಊರಿಗೆ ಬೇರೆ. ನಿಮ್ಮ ಕಡೆ ಪ್ಯಾಡ್ ನುಡಿಸುವ ಇಬ್ಬರು ಮೂವರನ್ನು ನೇರವಾಗಿ ಕೇಳಿ, ಅವರು ತಗೊಳ್ಳುವುದಕ್ಕಿಂತ ಕಡಿಮೆಗೆ ಮಾತ್ರ ಒಪ್ಪಬೇಡಿ. ನೀವು 500ಕ್ಕೆ ಹೋದರೆ ನಾಳೆ ಎಲ್ಲರಿಗೂ 500 ಅನ್ನುತ್ತಾರೆ. ನಮ್ಮೂರ ದೇವಸ್ಥಾನ, ಗೆಳೆಯನ ಮದುವೆ ಅಂದರೆ ನಾನೂ ದುಡ್ಡು ಮುಟ್ಟುವುದಿಲ್ಲ. ಆದರೆ ಶಾಮಿಯಾನದವರಿಗೆ, ಜನರೇಟರ್‌ನವರಿಗೆ, ಹೂವಿನವರಿಗೆ ಎಲ್ಲ ಎಣಿಸಿ ಕೊಟ್ಟು, ನುಡಿಸುವವನಿಗೆ ಮಾತ್ರ "ಹೆಸರು ಬರುತ್ತೆ" ಅಂದರೆ ಅದು ಅನ್ಯಾಯ.

ದುಡ್ಡಿನಷ್ಟೇ ಮುಖ್ಯ ಇನ್ನೂ ಕೆಲವಿವೆ. ಒದ್ದೆ ನೆಲ, ಅರ್ಥಿಂಗ್ ಇಲ್ಲದ ಲೈನು. ಮೈಕಿಗೆ ತುಟಿ ತಾಗಿದ ಗಾಯಕಿ ಶಾಕ್ ಹೊಡೆದು ಹಿಂದಕ್ಕೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಅರ್ಥಿಂಗ್ ಬಗ್ಗೆ ಸೌಂಡ್‌ನವರ ಬಾಯಿಂದ ಕೇಳದೆ ನಾನು ಪ್ಲಗ್ ಹಾಕುವುದಿಲ್ಲ. ತಂಡದ ಹೆಣ್ಣುಮಕ್ಕಳಿಗೆ ಚಿಲಕ ಇರುವ ರೂಮು, ಶೌಚಾಲಯ ಬೇಕೇ ಬೇಕು. ಬ್ಯಾನರ್ ಹಿಂದೆ ಒಬ್ಬರಿಗೊಬ್ಬರು ದುಪಟ್ಟಾ ಅಡ್ಡ ಹಿಡಿದು ಸೀರೆ ಬದಲಿಸುವ ಗತಿ ಯಾರಿಗೂ ಬರಬಾರದು. ಪಕ್ಕದ ಶಾಲೆಯ ಒಂದು ಕೋಣೆಯ ಬೀಗದ ಕೈ ಕೇಳಿದರೆ ಸಾಕು, ಎಷ್ಟೋ ಕಡೆ ಕೊಡುತ್ತಾರೆ. ಇದನ್ನು ಗಂಡಸರಾದ ನಾವೇ ಮೊದಲು ಕೇಳಬೇಕು.

ಕಮಿಟಿಯವರು ಫೇಸ್‌ಬುಕ್ ಲೈವ್ ಮಾಡುತ್ತೇವೆ, ಯೂಟ್ಯೂಬಿಗೆ ಹಾಕುತ್ತೇವೆ ಅಂದರೆ ಮೊದಲೇ ಮಾತಾಡಿಕೊಳ್ಳಿ. ನುಡಿಸುವವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚದಂತೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕು ಅಂತಲೇ ಇದೆ.

ನಮ್ಮ ತಂಡದ ಹಿರಿಯ ಢೋಲಕ್ ಅಣ್ಣ ಬೆರಳು ಸೀಳಿದಾಗ ಟೇಪ್ ಸುತ್ತಿಕೊಂಡೇ ನುಡಿಸುತ್ತಿದ್ದರು. ಒಂದು ದಿನ ಕೂತರೆ ಒಂದು ದಿನದ ದುಡ್ಡಿಲ್ಲ. ಕೊರೊನಾ ಬಂದಾಗ ಅವರ ಢೋಲಕ್ ತಿಂಗಳುಗಟ್ಟಲೆ ಚೀಲದಿಂದ ಹೊರಗೆ ಬರಲಿಲ್ಲ. 2021ರ ಪ್ಯಾಕೇಜಿನಲ್ಲಿ ಸರ್ಕಾರ ಕಲಾವಿದರಿಗೆ ಘೋಷಿಸಿದ್ದು ತಲಾ 3,000 ರೂಪಾಯಿ. 2024ರಲ್ಲಿ ನಮ್ಮ ರಾಜ್ಯ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಅಂತ ಕಾನೂನು ತಂದಿದೆ. ಸಿನಿಮಾ ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕಿ ನಿಧಿ ಮಾಡುವ ಯೋಜನೆ ಅದು. ಸ್ಟೇಜ್ ಕಲಾವಿದರ ಪಾಲು ಅದರಲ್ಲಿ ಮರೆತುಹೋಗಬಾರದು. ನೀವು ಈಗಲೇ ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಕಾರ್ಡ್) ಮಾಡಿಸಿ. ಪೇಮೆಂಟನ್ನು ಆದಷ್ಟು ಫೋನ್‌ಪೇ ಅಥವಾ ಬ್ಯಾಂಕಿನಲ್ಲೇ ತಗೊಳ್ಳಿ. ಇದೇ ನಿಮ್ಮ ಕಸುಬು ಅನ್ನುವುದಕ್ಕೆ ಒಂದು ದಾಖಲೆ ಇರುತ್ತದೆ.

ಡೇಟ್ ಒಪ್ಪುವ ಮೊದಲು ನಾನು ಕಳಿಸುವ ವಾಟ್ಸಾಪ್ ಮೆಸೇಜ್ ಇಲ್ಲಿದೆ, ಬೇಕಾದರೆ ಹೀಗೇ ಬಳಸಿ: "ಸರ್, ನಮಸ್ಕಾರ. ಇಂಥ ದಿನ, ಇಂಥ ಊರು, ಸಂಭಾವನೆ ಇಷ್ಟು. ಅರ್ಧ ಅಡ್ವಾನ್ಸ್, ಉಳಿದದ್ದು ಸ್ಟೇಜ್ ಹತ್ತುವ ಮೊದಲು. ನಾನು 4 ಗಂಟೆಗೆ ಬಂದಿರುತ್ತೇನೆ. ತಡವಾಗಿ ಶುರುವಾದರೂ, ಮಳೆ ಬಂದು ನಿಂತರೂ ಪೂರ್ತಿ ಪೇಮೆಂಟ್. ಊಟ 8 ಗಂಟೆಯೊಳಗೆ. ಓಕೆ ಆದರೆ ತಿಳಿಸಿ."

ಮೊದಲ ಸಲ ಇದನ್ನು ಕಳಿಸಿದಾಗ ಕೈ ನಡುಗಿತ್ತು. ಇಬ್ಬರು ಆಯೋಜಕರು ಮತ್ತೆ ಕರೆಯಲಿಲ್ಲ, ನಿಜ. ಒಬ್ಬರು ಮಾತ್ರ ಹತ್ತೇ ನಿಮಿಷದಲ್ಲಿ ಫೋನ್ ಮಾಡಿ, "ಊಟಕ್ಕೆ ಚಪಾತಿನಾ, ಅನ್ನನಾ?" ಅಂತ ಕೇಳಿದರು. ಇವತ್ತಿಗೂ ಪ್ರತಿ ವರ್ಷ ಅವರ ಊರಿನ ಗಣೇಶನಿಗೆ ನುಡಿಸುತ್ತಿದ್ದೇನೆ.