‘ಐ ಸಾ’ ಅನ್ನಬೇಕಾ, ‘ಐ ಹ್ಯಾವ್ ಸೀನ್’ ಅನ್ನಬೇಕಾ?

ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಇಂಟರ್‌ವ್ಯೂನಲ್ಲಿ ಯಾವ ಕ್ರಿಯಾಪದ ಹಾಕಬೇಕು ಅಂತ ತಡವರಿಸುತ್ತೇನೆ, ಟೆನ್ಸ್‌ಗಳನ್ನೆಲ್ಲ ಮೊದಲಿಂದ ಬಾಯಿಪಾಠ ಮಾಡಲಾ ಅಂತ ಕೇಳಿದ್ದೀರಿ. ಬೇಡ. 12 ಟೆನ್ಸ್‌ಗಳ ಪಟ್ಟಿ ಪರೀಕ್ಷೆಗೆ ಆಗಿಬರುತ್ತದೆ, ಮಾತಿನ ಹೊತ್ತಿಗೆ ಕೈಕೊಡುತ್ತದೆ. ನಾನು ಸಂಜೆ ಹೊತ್ತು ಡಿಗ್ರಿ ಮುಗಿಸಿದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮವರು ಎಡವುವುದು ಹೆಚ್ಚಾಗಿ ಮೂರ್ನಾಲ್ಕು ಜಾಗದಲ್ಲಿ. ಅಲ್ಲೆಲ್ಲ ಕನ್ನಡದ ದಾರಿ ಬೇರೆ, ಇಂಗ್ಲಿಷಿನ ದಾರಿ ಬೇರೆ.

ನಿಮ್ಮ ಬಗ್ಗೆ ಹೇಳಿ ಅಂದ ತಕ್ಷಣ ಬರುವ ವಾಕ್ಯವನ್ನೇ ನೋಡಿ: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022.’ ಕನ್ನಡದಲ್ಲಿ ‘2022ರಲ್ಲಿ ಬಿಕಾಂ ಮುಗಿಸಿದ್ದೇನೆ’ ಅನ್ನುತ್ತೇವೆ, ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಕಳೆದುಹೋದ ಕಾಲವನ್ನು ಬಾಯಿಬಿಟ್ಟು ಹೇಳಿದ ಮೇಲೆ ಹ್ಯಾವ್ ಜಾಗ ಬಿಡಬೇಕು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2022, ಇವೆಲ್ಲ ಅಂಥವೇ. ಆದ್ದರಿಂದ ‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022.’ ವರ್ಷ ಹೇಳದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ’ ಪೂರ್ತಿ ಸರಿ. ಅಲ್ಲಿ ಮುಖ್ಯವಾದದ್ದು ಯಾವಾಗ ಅನ್ನುವುದಲ್ಲ, ಈಗ ನಿಮ್ಮ ಕೈಯಲ್ಲಿ ಡಿಗ್ರಿ ಇದೆ ಅನ್ನುವುದು. ‘ಐ ಸಾ ಹಿಮ್ ಯೆಸ್ಟರ್‌ಡೇ’, ‘ಐ ಹ್ಯಾವ್ ಸೀನ್ ದಟ್ ಮೂವಿ’, ಇವೆರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಈಗಷ್ಟೇ ಊಟವಾಯಿತು ಅನ್ನುವುದಕ್ಕೆ ಬ್ರಿಟಿಷರು ಹೆಚ್ಚಾಗಿ ‘ಐ ಹ್ಯಾವ್ ಜಸ್ಟ್ ಈಟನ್’ ಅನ್ನುತ್ತಾರೆ. ಅಮೆರಿಕದವರು ‘ಐ ಜಸ್ಟ್ ಏಟ್’ ಅಂದರೂ ಸರಿಯೇ, ಗಾಬರಿಯಾಗಬೇಡಿ.

ಇನ್ನೊಂದು ಜಾಗದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ‘ಸೋಮವಾರದಿಂದ ಜ್ವರ ಇದೆ’, ‘ಮೂರು ದಿನದಿಂದ ಜ್ವರ ಇದೆ.’ ನಮಗೆ ಎರಡು ಕಡೆಯೂ ‘ಇಂದ’ ಸಾಕು, ಎರಡು ಕಡೆಯೂ ‘ಇದೆ’ ಸಾಕು. ಇಂಗ್ಲಿಷ್ ಎರಡನ್ನೂ ಬಿಡಿಸಿ ನೋಡುತ್ತದೆ. ಶುರುವಾದ ಗಳಿಗೆ ಹೇಳಿದರೆ ಸಿನ್ಸ್, ಎಷ್ಟು ಹೊತ್ತು ಅಂತ ಹೇಳಿದರೆ ಫಾರ್. ‘ಸಿನ್ಸ್ ಮಂಡೇ’, ‘ಫಾರ್ ತ್ರೀ ಡೇಸ್.’ ಜೊತೆಗೆ ಅಲ್ಲಿಂದ ಇಲ್ಲಿವರೆಗೂ ನಡೆದುಬಂದದ್ದಕ್ಕೆ ಆಮ್, ಇಸ್ ಸಾಲದು, ಹ್ಯಾವ್ ಬೇಕು. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ನಮ್ಮ ಆಫೀಸುಗಳಲ್ಲಿ ದಿನಾ ಕೇಳಿಬರುತ್ತದೆ. ಅದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಆಗಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಫ್ರೆಂಚ್, ಜರ್ಮನ್ ಭಾಷೆಗಳೂ ಇಲ್ಲಿ ಕನ್ನಡದ ಹಾಗೇ ಒಂದೇ ಪದದಲ್ಲಿ, ವರ್ತಮಾನ ಕಾಲದಲ್ಲೇ ಮುಗಿಸುತ್ತವೆ. ಆ ಭಾಷೆಯವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ.

‘ಡಿಡ್ ಯು ವೆಂಟ್’ ಅಂತ ಬಾಯಿಗೆ ಬರುತ್ತದೆ ಅಂದಿರಿ. ಅದಕ್ಕೆ ಮದ್ದು ಕನ್ನಡದಲ್ಲೇ ಇದೆ. ‘ಹೋದೆ’ ಅನ್ನುವುದನ್ನು ಅಲ್ಲಗಳೆಯುವಾಗ ‘ಹೋದೆ ಇಲ್ಲ’ ಅನ್ನುತ್ತೇವಾ? ಇಲ್ಲ, ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋದೆ’ ಹೋಗಿ ‘ಹೋಗು’ ವಾಪಸ್ ಬರುತ್ತದೆ. ಡಿಡ್ ಬಂದಾಗಲೂ ಅಷ್ಟೇ. ಭೂತಕಾಲದ ಭಾರ ಡಿಡ್ ಹೊತ್ತುಕೊಂಡಿದೆ, ಹಾಗಾಗಿ ವೆಂಟ್ ಮತ್ತೆ ಗೋ ಆಗುತ್ತದೆ: ‘ಡಿಡ್ ಯು ಗೋ’, ‘ಐ ಡಿಡ್ ನಾಟ್ ಗೋ.’

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಕೂಡ ಬಿಡಿ. ಇರುವುದಕ್ಕೆ, ಗೊತ್ತಿರುವುದಕ್ಕೆ ಐಎನ್‌ಜಿ ಹಾಕುವುದಿಲ್ಲ. ಐ ಹ್ಯಾವ್, ಐ ನೋ. ಊಟ ಮಾಡುತ್ತಿದ್ದರೆ ಮಾತ್ರ ‘ಐ ಆಮ್ ಹ್ಯಾವಿಂಗ್ ಲಂಚ್’ ಅನ್ನಬಹುದು.

ಬಾಯಿಪಾಠ ಮಾಡಲೇಬೇಕು ಅಂದರೆ ಗೋ-ವೆಂಟ್-ಗಾನ್ ಥರದವನ್ನು ಮಾಡಿ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ 10 ಕ್ರಿಯಾಪದಗಳೂ ಭೂತಕಾಲಕ್ಕೆ ಕೊನೆಯಲ್ಲಿ ‘ಇಡಿ’ (-ed) ಹತ್ತಿಸಿದರೆ ಮುಗಿಯುವ ಜಾತಿಯವಲ್ಲ: ಬಿ, ಹ್ಯಾವ್, ಡು, ಸೇ, ಗೋ, ಗೆಟ್ ಹೀಗೆ. ದಿನಾ ಎಲ್ಲರ ಬಾಯಲ್ಲೂ ಓಡಾಡುವುದರಿಂದಲೇ ಅವು ಹಳೇ ರೂಪ ಉಳಿಸಿಕೊಂಡಿವೆ. ಇವನ್ನು ಒಂಟೊಂಟಿಯಾಗಿ ಉರು ಹೊಡೆಯಬೇಡಿ, ನಿಮ್ಮದೇ ವಾಕ್ಯದಲ್ಲಿಟ್ಟು ಜೋರಾಗಿ ಹೇಳಿ. ‘ಐ ವೆಂಟ್ ಟು ಹಾಸನ್ ಲಾಸ್ಟ್ ವೀಕ್. ಐ ಹ್ಯಾವ್ ನೆವರ್ ಗಾನ್ ಟು ಬೀದರ್.’ ಕಿವಿಗೆ ಒಗ್ಗಿದ ಮೇಲೆ ತಪ್ಪು ರೂಪ ತಾನಾಗೇ ಚುಚ್ಚುತ್ತದೆ.

ವಿಲ್ ಹಾಕಬೇಕೋ ಶಲ್ ಹಾಕಬೇಕೋ ಅಂತಲೂ ಕೊನೆಗೆ ಕೇಳಿದ್ದೀರಿ. ‘ಶಲ್ ವಿ ಸ್ಟಾರ್ಟ್’ ಅಂತ ಕೇಳುವಾಗ ಶಲ್ ಇರಲಿ. ಉಳಿದ ಕಡೆ ಸುಮ್ನೆ ವಿಲ್ ಅನ್ನಿ.